ಟ್ಯೂಬ್‌ಲೈಟಿನಲ್ಲಿ ಒಪ್ಪಿದ ಹಸಿರು

ಹಳೆ ಪ್ರೀಮಿಯರ್ ಪದ್ಮಿನಿ ಕಾರಿನ ಬಾನೆಟ್ಟಿಗೆ ಮಾತ್ರ ಪೇಂಟ್ ಮಾಡಿಸಬೇಕು, ಉಳಿದ ಬಾಡಿಯ ಬಣ್ಣಕ್ಕೆ ಮ್ಯಾಚ್ ಆಗೋ ಶೇಡ್ ಹೇಗೆ ಆರಿಸೋದು ಅಂತ ಕೇಳಿದ್ದೀರಿ. ನಾನೂ ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನಮ್ಮದು ಬೆಳಗಾವಿ. ಅಪ್ಪನ ಪದ್ಮಿನಿ, ತಿಳಿ ಹಸಿರು. ಬಾನೆಟ್ಟಿಗೆ ತುಕ್ಕು ಹಿಡಿದಿತ್ತು. ಜುಲೈ ತಿಂಗಳು, ಇಲ್ಲಿಯ ಮಳೆ ಗೊತ್ತಲ್ವಾ, ಮೂರು ದಿನದಿಂದ ಬಿಸಿಲೇ ಇಲ್ಲ. ಸಂಜೆ ಏಳಕ್ಕೆ ಉದ್ಯಮಬಾಗ್ ಕಡೆಯ ಗ್ಯಾರೇಜಿಗೆ ಹೋದೆ. ಪೇಂಟರ್ ಶೇಡ್ ಕಲಸಿ, ಒಂದು ಕಾರ್ಡಿಗೆ ಬಳಿದು, ಡೋರಿಗೆ ಒತ್ತಿ ಹಿಡಿದ. 'ನೋಡ್ರಿ ಸಾಹೇಬ್ರ, ಎಲ್ಲೈತಿ ಫರಕ್?' ನಿಜವಾಗ್ಲೂ ಇರಲಿಲ್ಲ. ಕಾರ್ಡಿನ ಅಂಚೇ ಕಾಣದ ಹಾಗೆ ಕೂತಿತ್ತು. ಹೊಡಿ ಅಂದೆ.

ಮಳೆ ಬಿಟ್ಟ ದಿನ ಕಾರು ಅಂಗಳದಲ್ಲಿ ನಿಂತಿತ್ತು. ಅವ್ವ ಹೊರಗೆ ಬಂದವಳು, 'ಬಾನೆಟ್ ಮ್ಯಾಲ ಟಾರ್ಪಾಲ್ ಯಾಕ ಹಾಸೀಯೋ?' ಅಂದಳು. ಬಾನೆಟ್ ನೀಲಿ ಕಡೆ ವಾಲಿತ್ತು, ಡೋರು ಹಳದಿ ಕಡೆ.

ತಪ್ಪು ಪೇಂಟರನದಲ್ಲ, ನನ್ನದು. ಟ್ಯೂಬ್‌ಲೈಟಿನಲ್ಲಿ ಒಪ್ಪಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಅರ್ಥವಾಗಲು ಎರಡನೇ ಸಲ ದುಡ್ಡು ಕೊಡಬೇಕಾಯಿತು. ಒಂದೇ ಹಸಿರನ್ನು ಹಲವು ಥರ ಕಲಸಬಹುದು. ಹಳದಿಗೆ ನೀಲಿ ಹಾಕಿದರೂ ಹಸಿರು, ಹಳದಿಗೆ ಕಪ್ಪು ಹಾಕಿದರೂ ಮಂಕು ಹಸಿರು, ನೇರ ಹಸಿರು ಪಿಗ್ಮೆಂಟೇ (ಪೇಂಟಿಗೆ ಬಣ್ಣ ಕೊಡುವ ಪುಡಿ) ಬೇರೆ. ಬಿಸಿಲಿನಲ್ಲಿ ಎಲ್ಲ ಬಣ್ಣದ ಬೆಳಕೂ ತುಂಬಿರುತ್ತದೆ. ಟ್ಯೂಬ್‌ಲೈಟಿನಲ್ಲಿ ಹಾಗಿಲ್ಲ, ಕೆಲವು ಜಾಸ್ತಿ, ಕೆಲವು ತೀರಾ ಕಮ್ಮಿ. ಹಾಗಾಗಿ ಬೇರೆ ಬೇರೆ ಪಿಗ್ಮೆಂಟಿನ ಎರಡು ಪೇಂಟು ಅದರ ಕೆಳಗೆ ಅಣ್ಣ-ತಮ್ಮನ ಹಾಗೆ ಕಂಡು, ಬಿಸಿಲಿಗೆ ಬಂದ ಕೂಡಲೇ ಬೇರೆಯಾಗುತ್ತವೆ. ಪೇಂಟ್ ಮಂದಿ ಇದಕ್ಕೆ ಮೆಟಮೆರಿಸಂ ಅಂತಾರೆ. ಅದರ ಮೇಲೆ ನಾನು ನೋಡಿದ್ದು ಹಸಿ ಪೇಂಟು. ಒಣಗಿದ ಮೇಲೆ ಶೇಡ್ ಬದಲಾಗುತ್ತದೆ. ಕಾರ್ಡಿನಲ್ಲಿ ಪೇಂಟಿನ ಕೆಳಗೆ ಪ್ರೈಮರೂ, ಅಂದ್ರೆ ಮೊದಲು ಹೊಡೆಯುವ ಅಡಿ ಕೋಟೂ, ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮ್ಯಾಚ್ ಮಾಡೋದು ಯಾವುದಕ್ಕೆ? ಹತ್ತಾರು ವರ್ಷ ಬಿಸಿಲು ತಿಂದ ಕಾರಿಗೆ ಒಂದೇ ಬಣ್ಣ ಅಂತ ಉಳಿದಿರಲ್ಲ. ರೂಫು ಒಂದು, ಡೋರು ಒಂದು. ಕಂಪ್ಯೂಟರ್ ಸ್ಕ್ಯಾನ್ ಕೂಡ ಆ ಮಾಸಿದ ಬಣ್ಣವನ್ನೇ ಓದುತ್ತದೆ. ಒಂದು ಪ್ಯಾನೆಲ್ ಪೇಂಟ್ ಮಾಡಿಸೋ ಯೋಚನೆ ಬಿಡಿ. ಮಾಡಿಸಿದರೆ ಪೂರ್ತಿ ಬಾಡಿ, ಇಲ್ಲಾಂದ್ರೆ ಬಾನೆಟ್ಟಿನ ತುಕ್ಕು ತೆಗೆಸಿ, ಪ್ರೈಮರ್ ಹೊಡೆಸಿ, ದುಡ್ಡು ಕೂಡುವ ತನಕ ಹಾಗೇ ಓಡಿಸಿ. ಪ್ರೈಮರ್ ನೀರು ಹೀರುತ್ತೆ, ಮಳೆಗಾಲದಲ್ಲಿ ಮಾತ್ರ ಹೊರಗೆ ನಿಲ್ಲಿಸಬೇಡಿ.

ಅಸಲಿ ಬಣ್ಣ ಡೋರಿನ ಒಳಪ್ಯಾಡ್ ಹಿಂದೆ ಸಿಗುತ್ತದೆ. ಮುಂಬೈನ ಕುರ್ಲಾ ಫ್ಯಾಕ್ಟರಿಯಿಂದ ಹೊರಬಿದ್ದಾಗಿನಿಂದ ಅಲ್ಲಿಗೆ ಬಿಸಿಲು ಬಿದ್ದಿಲ್ಲ. ಪಾಲಿಶ್ ಮಾಡುವ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆಲ್ಲಗೆ ಉಜ್ಜಿದೆ. ಅಂಗೈ ಅಗಲದ ಜಾಗದಲ್ಲಿ ಎಳೆ ಹುಣಸೆಕಾಯಿ ಸಿಪ್ಪೆ ಕೆರೆದಾಗ ಕಾಣುವ ಹಸಿರು! ಮೂವತ್ತು ವರ್ಷ ನಾವು ನೋಡಿದ್ದು ಬೇರೆಯದೇ ಬಣ್ಣ.

ಪೂರ್ತಿ ಬಾಡಿ ಮಾಡಿಸುವಾಗ ಆ ಅಸಲಿ ಹಸಿರಿಗೆ ಶೇಡ್ ಕೂಡಿಸಿ. ಕಾರ್ಡು ಬೇಡ, ತಗಡಿನ ತುಂಡಿಗೆ ಅದೇ ಪ್ರೈಮರ್, ಅದೇ ಸ್ಪ್ರೇ ಗನ್ನು, ಅಷ್ಟೇ ಕೋಟು. ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಬಿಸಿಲಿನಲ್ಲಿ, ಆಮೇಲೆ ನೆರಳಿನಲ್ಲಿ, ಮಲಗಿಸಿ, ನಿಲ್ಲಿಸಿ ನೋಡಿ. ಪೇಂಟರ್ ಗೊಣಗುತ್ತಾನೆ, ಗೊಣಗಲಿ. ಪೂರ್ತಿ ಕಾರಿಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿಸಿ, ಅರ್ಧ ಲೀಟರ್ ಮುಚ್ಚಿ ಇಟ್ಟುಕೊಳ್ಳಿ. ರೂಫಿಗೆ ಕ್ರೀಮ್ ಹಾಕಿ ಟೂ-ಟೋನ್ ಮಾಡಿ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಬಿಡಿ. ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಿಸಬೇಕು.

ಪ್ಯಾಡ್ ಬಿಚ್ಚುವಾಗ ಕ್ಲಿಪ್ ಮುರಿಯುತ್ತವೆ. ಹತ್ತು ಮೊದಲೇ ತಂದಿಟ್ಟುಕೊಳ್ಳಿ.