ಓದುಗರ ಪ್ರಶ್ನೆ: ಪುಯೆಬ್ಲಾದಲ್ಲಿ ಒಂದೇ ದಿನ, ಎಲ್ಲಿಂದ ನಡೆಯೋಣ?

ಪ್ರಶ್ನೆ: ಮಗಳು ಮೆಕ್ಸಿಕೋ ಸಿಟಿಯಲ್ಲಿ ಕೆಲಸದಲ್ಲಿದ್ದಾಳೆ. ನಾವಿಬ್ಬರು ಮುಂದಿನ ತಿಂಗಳು ಅವಳ ಹತ್ತಿರ ಹೋಗುತ್ತಿದ್ದೇವೆ. ಪುಯೆಬ್ಲಾ ಅನ್ನುವ ಹಳೇ ಊರಿಗೆ ಒಂದು ದಿನವಾದರೂ ಹೋಗಿಬನ್ನಿ ಅಂತ ಅವಳ ಹಟ. ನಮ್ಮ ಯಜಮಾನರಿಗೆ ಮಂಡಿ ನೋವು. ಗಾಡಿಯಲ್ಲಿ ಕೂತು ಸುತ್ತುವುದಾ, ನಡೆದೇ ನೋಡಬಹುದಾ?
– ಓದುಗಿ, ಮೈಸೂರು

ಉತ್ತರ: ನಡೆದೇ ನೋಡಿ ಅಮ್ಮ. ನಾನು ಹೇಳುವ ದಾರಿ ಸುತ್ತಿ ಬಂದರೂ ಎರಡೂವರೆ ಕಿಲೋಮೀಟರ್ ಆಸುಪಾಸು, ಊರಿನ ಹಳೇ ಭಾಗ ಹೆಚ್ಚುಕಮ್ಮಿ ಸಮತಟ್ಟು, ಕೂರಲಿಕ್ಕೆ ಬೆಂಚುಗಳೂ ಇವೆ. ಒಂದು ಎಚ್ಚರಿಕೆ ಮಾತ್ರ: ಊರು 2,100 ಮೀಟರಿಗಿಂತ ಎತ್ತರದಲ್ಲಿದೆ. ಬೇಗ ದಮ್ಮು ಬರುತ್ತದೆ. ಬಿಸಿಲೂ ಚುರುಕು. ಅವಸರ ಬೇಡ, ಟೋಪಿ ನೀರು ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋಗುವುದಾದರೆ ಮಧ್ಯಾಹ್ನದ ಮೇಲೆ ಮಳೆ ಜಾಸ್ತಿ, ಕೊಡೆ ಬೇಕು.

ಮೆಕ್ಸಿಕೋ ಸಿಟಿಯ ತಾಪೊ ನಿಲ್ದಾಣದಿಂದ ಬಸ್ಸು. ಸುಮಾರು ಎರಡು ಗಂಟೆ. ಪುಯೆಬ್ಲಾದ ದೊಡ್ಡ ಬಸ್ ನಿಲ್ದಾಣಕ್ಕೆ ಕಾಪು ಅಂತ ಕರೆಯುತ್ತಾರೆ, ನಮ್ಮ ಉಡುಪಿ ಹತ್ತಿರದ ಕಾಪುವಿನ ಹಾಗೇ ಕೇಳಿಸುವುದರಿಂದ ಹೆಸರು ಮರೆಯುವುದಿಲ್ಲ. ಅಲ್ಲಿಂದ ಟ್ಯಾಕ್ಸಿ ಹಿಡಿದು ಸೋಕಲೊ ಅನ್ನಿ. ಊರ ನಡುವಿನ ಚೌಕ ಅದು.

ನಡಿಗೆ ಅಲ್ಲಿಂದಲೇ ಶುರು. ಚೌಕದ ಮೂರು ಕಡೆ ಕಮಾನಿನ ಜಗಲಿಗಳು, ನಾಲ್ಕನೇ ಕಡೆ ಕೆಥೆಡ್ರಲ್. ಕೆಲಸ ಶುರುವಾಗಿದ್ದು 1575ರಲ್ಲಿ, ಬಿಷಪ್ ಪಾಲಾಫೊಕ್ಸ್ ಅದನ್ನು ಪೂಜೆಗೆ ತೆರೆದದ್ದು 1649ರಲ್ಲಿ. ಸುತ್ತಲಿನ ಕಬ್ಬಿಣದ ಬೇಲಿಯ ಕಂಬಗಳ ಮೇಲೆಲ್ಲ ದೇವದೂತರು ನಿಂತಿದ್ದಾರೆ, ನೋಡಿ. ಅದಕ್ಕೊಂದು ಕಥೆ ಇದೆ. ಈ ಊರು 1531ರಲ್ಲಿ ಹುಟ್ಟಿದ್ದು. ದೇವದೂತರು ಹಗ್ಗ ಹಿಡಿದು ಬಯಲನ್ನು ಅಳೆದು ಬೀದಿ ಗುರುತು ಮಾಡುವುದನ್ನು ಆಗಿನ ಬಿಷಪ್ ಕನಸಿನಲ್ಲಿ ಕಂಡರಂತೆ. ಪುಯೆಬ್ಲಾ ದೆ ಲೋಸ್ ಆಂಖೆಲೆಸ್, ಅಂದರೆ ದೇವದೂತರ ಊರು ಅನ್ನುವ ಹೆಸರು ಹಾಗೆ ಬಂತು ಅನ್ನುತ್ತಾರೆ. ಬೀದಿಗಳು ಇವತ್ತಿಗೂ ಹಗ್ಗ ಹಿಡಿದು ಎಳೆದ ಹಾಗೇ ನೇರ.

ಕೆಥೆಡ್ರಲ್ ಹಿಂಬದಿಯ ಬೀದಿಯಲ್ಲಿ ಪಾಲಾಫೊಕ್ಸಿಯಾನಾ ಗ್ರಂಥಾಲಯ. ಇದನ್ನು ಮಾತ್ರ ಬಿಡಬೇಡಿ. 1646ರಲ್ಲಿ ಅದೇ ಪಾಲಾಫೊಕ್ಸ್ ತಮ್ಮ 5,000 ಪುಸ್ತಕಗಳನ್ನು ಕೊಟ್ಟು, ಓದು ಬರುವ ಯಾರು ಬೇಕಾದರೂ ಬಂದು ಓದಲಿ ಅಂದರು. ಪಾದ್ರಿಗಳು ಮಾತ್ರ ಅಂತ ಅನ್ನಲಿಲ್ಲ, ಅದು ನನಗೆ ಬಹಳ ಇಷ್ಟವಾದ ವಿಷಯ. ಎರಡೂ ಅಮೆರಿಕ ಖಂಡಗಳಲ್ಲಿ ಮೊದಲ ಸಾರ್ವಜನಿಕ ಗ್ರಂಥಾಲಯ ಅಂತ ಇದನ್ನೇ ಹೇಳುತ್ತಾರೆ. ಈಗ 45,000ಕ್ಕೂ ಜಾಸ್ತಿ ಪುಸ್ತಕ ಇವೆ, 1473ರಲ್ಲಿ ಅಚ್ಚಾದ, ಪ್ರಾಚೀನ ಗ್ರೀಕ್ ಚರಿತ್ರೆಕಾರ ಹೆರೊಡೋಟಸ್‌ನ ಪುಸ್ತಕ ಕೂಡ ಇದೆ. ಮೂರು ಅಂತಸ್ತಿನ ಮರದ ಕಪಾಟುಗಳು, ಹಳೇ ಮರ ಮತ್ತು ಕಾಗದದ ವಾಸನೆ. ಸೋಮವಾರ ರಜ. ಮೊದಲ ಸಲ ನಾನು ಸೋಮವಾರ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮೆಟ್ಟಿಲು ಹತ್ತಬೇಕು, ನಿಮ್ಮವರು ಸ್ವಲ್ಪ ನಿಧಾನವಾಗಿ ಹತ್ತಲಿ.

ಅಲ್ಲಿಂದ ಪೂರ್ವಕ್ಕೆ ಸಾಪೋಸ್ ಓಣಿ, ಅಂದರೆ ಕಪ್ಪೆಗಳ ಓಣಿ. ಹಿಂದೆ ಹತ್ತಿರದಲ್ಲೇ ಸಾನ್ ಫ್ರಾನ್ಸಿಸ್ಕೊ ನದಿ ಹರಿಯುತ್ತಿತ್ತು, ಉಕ್ಕಿದಾಗ ಇಲ್ಲೆಲ್ಲ ಕಪ್ಪೆ. 1960ರ ದಶಕದಲ್ಲಿ ನದಿಯನ್ನು ಕೊಳವೆಗೆ ಸೇರಿಸಿ ಮೇಲೆ ದೊಡ್ಡ ರಸ್ತೆ ಮಾಡಿದರು. ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ, ಚೆನ್ನಾಗಿರುತ್ತದೆ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಲಾ ಕೊಂಪಾನಿಯಾ, ಜೆಸ್ವಿಟರು ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಚರ್ಚು. ಇದರ ಬಗ್ಗೆ ಇನ್ನೊಬ್ಬರೂ ಕೇಳಿದ್ದಾರೆ, ಅಲ್ಲಿ ಹೇಳುತ್ತೇನೆ.

ಮುಂದೆ ಆಲ್ಫೆನ್ಯೀಕೆ ಮನೆ. ಕೆಂಪು ಇಟ್ಟಿಗೆಯ ಗೋಡೆ, ನಡುನಡುವೆ ನೀಲಿ ಬಿಳಿ ಟೈಲ್ಸು, ಕಿಟಕಿ ಬಾಗಿಲ ಸುತ್ತ ಬಿಳಿ ಗಾರೆಯ ಕೆತ್ತನೆ. ಸಕ್ಕರೆ ಪಾಕ ಎಳೆದು ಅಂಟಿಸಿದ ಹಾಗೆ ಕಾಣುತ್ತದೆ. ಆಲ್ಫೆನ್ಯೀಕೆ ಅಂದರೆ ಒಂದು ಥರ ಸಕ್ಕರೆ ಮಿಠಾಯಿ. ಈ ಪದ ಸ್ಪ್ಯಾನಿಷಿಗೆ ಬಂದದ್ದು ಅರಬ್ಬಿಯಿಂದ, ಅಲ್ಲಿಗೆ ಪರ್ಷಿಯನ್‌ನಿಂದ, ಪರ್ಷಿಯನ್‌ಗೆ ಸಂಸ್ಕೃತದ ಫಾಣಿತದಿಂದ. ಫಾಣಿತ ಅಂದರೆ ಕುದಿಸಿ ಗಟ್ಟಿ ಮಾಡಿದ ಕಬ್ಬಿನ ಹಾಲು, ನಮ್ಮ ಮಲೆನಾಡಿನ ಜೋನಿಬೆಲ್ಲ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಆ ಗೋಡೆ ಮುಂದೆ ನಿಂತಾಗ ಜೋನಿಬೆಲ್ಲ ನೆನೆಸಿಕೊಳ್ಳಿ.

ಪಕ್ಕದಲ್ಲೇ ಪಾರಿಯಾನ್ ಅನ್ನುವ ಕರಕುಶಲ ವಸ್ತುಗಳ ಮಾರುಕಟ್ಟೆ, ಅಲ್ಲಿಂದ ಸಿಹಿ ಅಂಗಡಿಗಳ ಬೀದಿ ಹಿಡಿದು ಪಶ್ಚಿಮಕ್ಕೆ ಬನ್ನಿ. ಇದೇ ಬೀದಿಯಲ್ಲಿ ಗುಂಡೇಟಿನ ತೂತುಗಳಿರುವ ಮನೆ ಇದೆ, ಕ್ರಾಂತಿಕಾರಿ ಆಕೀಲೆಸ್ ಸೆರ್ದಾನ್ ಅವರದು. ಮೆಕ್ಸಿಕೋ ಕ್ರಾಂತಿ ಶುರುವಾಗಬೇಕಿದ್ದದ್ದು 1910ರ ನವೆಂಬರ್ 20ಕ್ಕೆ. ವಿಷಯ ಬಯಲಾಗಿ 18ರಂದೇ ಸರ್ಕಾರದವರು ಈ ಮನೆ ಮುತ್ತಿದರು. ಒಳಗಿದ್ದದ್ದು ಬೆರಳೆಣಿಕೆ ಜನ. ಅಕ್ಕ ಕಾರ್ಮೆನ್ ಬಾಲ್ಕನಿಗೆ ಬಂದು ಬೀದಿ ಜನರನ್ನು ಹೋರಾಟಕ್ಕೆ ಕರೆದರು, ಗಾಯಗೊಂಡರು. ಆಕೀಲೆಸ್ ನೆಲದಡಿಯ ಗುಂಡಿಯಲ್ಲಿ ಗಂಟೆಗಟ್ಟಲೆ ಅಡಗಿದ್ದು ಹೊರಬಂದಾಗ ಕೊಂದರು. ತೂತುಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದಾರೆ.

ಕೊನೆಗೆ ಸಾಂತೊ ದೊಮಿಂಗೊ ಚರ್ಚಿನೊಳಗಿನ ರೊಸಾರಿಯೊ ಪ್ರಾರ್ಥನಾ ಮಂದಿರ, 1690ರದ್ದು. ಗೋಡೆ, ಗುಮ್ಮಟ ಎಲ್ಲ ಗಾರೆ ಕೆತ್ತನೆ, ಮೇಲೆ ಚಿನ್ನದ ತಗಡು. ಎಲ್ಲರೂ ಇದರ ಫೋಟೋ ನೋಡಿಯೇ ಬರುತ್ತಾರೆ, ಜಾಸ್ತಿ ಹೇಳುವುದಿಲ್ಲ. ಮಧ್ಯಾಹ್ನ ಚರ್ಚುಗಳು ಮುಚ್ಚುವುದುಂಟು, ಸಮಯ ಮೊದಲೇ ಕೇಳಿಕೊಳ್ಳಿ. ಅಲ್ಲಿಂದ ಸೋಕಲೊ ಐದು ನಿಮಿಷ.

ಪ್ರಶ್ನೆ: ಪುಯೆಬ್ಲಾದ ಚರ್ಚೊಂದರಲ್ಲಿ ಭಾರತದ ರಾಜಕುಮಾರಿಯ ಸಮಾಧಿ ಇದೆ ಅಂತ ಕೇಳಿದೆ. ನಿಜಾನಾ, ಸುಮ್ನೆ ಟೂರಿಸ್ಟರಿಗೆ ಹೇಳುವ ಕಥೆನಾ?
– ಓದುಗ, ಡಲ್ಲಾಸ್

ಉತ್ತರ: ಭಾರತದ ಹೆಣ್ಣುಮಗಳು ಅನ್ನುವುದು ನಿಜ. ರಾಜಕುಮಾರಿ ಅನ್ನುವುದು ಆಕೆ ಸತ್ತ ಮೇಲೆ ಜೀವನ ಚರಿತ್ರೆ ಬರೆದ ಪಾದ್ರಿಗಳ ಮಾತು. ಮೊಘಲ್ ಮನೆತನದವಳು, ಹೆಸರು ಮಿರ್ರಾ ಅಂತ ಅವರು ಬರೆದರು.

ಹುಟ್ಟಿದ್ದು 1600ರ ನಂತರದ ಹತ್ತು ವರ್ಷಗಳಲ್ಲಿ. ಚಿಕ್ಕವಳಿದ್ದಾಗಲೇ ಪೋರ್ಚುಗೀಸ್ ಕಡಲ್ಗಳ್ಳರು ಹಿಡಿದುಕೊಂಡು ಹೋದರು. ಕೊಚ್ಚಿಯಲ್ಲಿ ಕ್ರೈಸ್ತಳಾದಳು, ಕತಾರಿನಾ ದೆ ಸಾನ್ ಖ್ವಾನ್ ಅಂತ ಹೆಸರಿಟ್ಟರು. ಅಲ್ಲಿಂದ ಮನಿಲಾ. ಮನಿಲಾದಲ್ಲಿ ಮಾರಿದರು. ವರ್ಷಕ್ಕೊಮ್ಮೆ ರೇಷ್ಮೆ, ಪಿಂಗಾಣಿ, ಮಸಾಲೆ ತುಂಬಿಕೊಂಡು ಪೆಸಿಫಿಕ್ ದಾಟುವ ದೊಡ್ಡ ಹಡಗುಗಳಿದ್ದವಲ್ಲ, ಅಂಥದ್ದರಲ್ಲಿ ಗುಲಾಮರನ್ನೂ ತುಂಬುತ್ತಿದ್ದರು. ಹಾಗೆ ಮೆಕ್ಸಿಕೋದ ಅಕಾಪುಲ್ಕೊ ಬಂದರಿಗೆ ಬಂದಳು. ಕೊಂಡವರು ಪುಯೆಬ್ಲಾದ ಮಿಗೆಲ್ ದೆ ಸೋಸಾ ಅನ್ನುವ ಸ್ಥಿತಿವಂತ. ಆ ಮನೆಯಲ್ಲಿ ಕೆಲಸ ಮಾಡಿದಳು, ಯಜಮಾನ ತೀರಿಕೊಂಡ ಮೇಲೆ ಬಿಡುಗಡೆ ಸಿಕ್ಕಿತು. ಆಮೇಲೆ ಬಡತನದಲ್ಲೇ ಬದುಕು, ಪ್ರಾರ್ಥನೆಯಲ್ಲೇ ದಿನ. ಅವಳಿಗೆ ದರ್ಶನಗಳಾಗುತ್ತವೆ ಅಂತ ಊರೆಲ್ಲ ನಂಬಿತು. 1688ರ ಜನವರಿ 5ರಂದು ತೀರಿಕೊಂಡಾಗ ಜನ ಮುಗಿಬಿದ್ದು, ಪ್ರಸಾದ ಅಂತ ಶವದ ಬಟ್ಟೆಯ ಚೂರುಗಳನ್ನೇ ಹರಿದುಕೊಂಡರಂತೆ. ಜೆಸ್ವಿಟ್ ಪಾದ್ರಿಯೊಬ್ಬರು ಮೂರು ಸಂಪುಟ ಬರೆದರು. ಚರ್ಚಿನ ವಿಚಾರಣಾ ಮಂಡಳಿ ಆ ಪುಸ್ತಕ ನಿಷೇಧಿಸಿತು, ಆಕೆಯ ಚಿತ್ರ ಇಟ್ಟುಕೊಳ್ಳುವುದನ್ನೂ ನಿಲ್ಲಿಸಿತು.

ಈಗ ಅಂಗಡಿಗಳಲ್ಲಿ ಚೀನಾ ಪೊಬ್ಲಾನಾ ಅಂತ ಥಳಥಳ ಲಂಗ ಮಾರುತ್ತಾರೆ, ಪುಯೆಬ್ಲಾದ ಚೀನಾ ಹುಡುಗಿ ಅಂತ ಅರ್ಥ. ಆ ಕಾಲದ ಮೆಕ್ಸಿಕೋದಲ್ಲಿ ಮನಿಲಾ ಹಡಗಿನಲ್ಲಿ ಬಂದವರೆಲ್ಲ ಚೀನೋಗಳೇ, ಭಾರತದವರೂ ಸೇರಿ. ಆದರೆ ಆ ಉಡುಪು 19ನೇ ಶತಮಾನದ್ದು, ಕತಾರಿನಾ ಅದನ್ನು ತೊಟ್ಟವಳಲ್ಲ. ಮಿನುಗುವ ಲಂಗದ ಗೊಂಬೆ ಕೊಂಡು, ಅವಳ ಸಮಾಧಿ ಇರುವ ಚರ್ಚಿನ ಬಾಗಿಲು ದಾಟದೆ ಹೋಗುವವರನ್ನು ನೋಡಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಲಾ ಕೊಂಪಾನಿಯಾಕ್ಕೆ ಹೋಗಿ. ಈಗಿನ ಕಟ್ಟಡ 1767ರದ್ದು. ಅದೇ ವರ್ಷ ಸ್ಪೇನಿನ ರಾಜ ಜೆಸ್ವಿಟರನ್ನು ಹೊರಹಾಕಿದ. ಸಮಾಧಿ ಇರುವುದು ಪಾದ್ರಿಗಳು ತಯಾರಾಗುವ ಒಳಕೋಣೆಯಲ್ಲಿ, ಗೋಡೆಯಲ್ಲಿ ಟೈಲ್ಸಿನ ಫಲಕ ಇದೆ. ಅದು ಯಾವಾಗಲೂ ತೆರೆದಿರುವುದಿಲ್ಲ, ಅಲ್ಲಿರುವವರನ್ನು ವಿನಯದಿಂದ ಕೇಳಬೇಕು. ಕತಾರಿನಾ ದೆ ಸಾನ್ ಖ್ವಾನ್ ಅಂದರೆ ಸಾಕು, ಗೊತ್ತಾಗುತ್ತದೆ. ನಾನು ಒಂದು ಹೂವು ತಗೊಂಡು ಹೋಗಿದ್ದೆ. ಕೊಚ್ಚಿಯಿಂದ ಅಲ್ಲಿಗೆ ಬಂದ ಆ ಮಗುವಿಗೆ ಊರಿನ ದಾರಿ ಮತ್ತೆ ಸಿಗಲೇ ಇಲ್ಲ ಅಲ್ವಾ.

ಪ್ರಶ್ನೆ: ಬೀದಿಗಳಿಗೆಲ್ಲ ನಂಬರು, ಗೊಂದಲ ಆಗೋದಿಲ್ವಾ?
– ಓದುಗ, ದಾವಣಗೆರೆ

ಉತ್ತರ: ಅರ್ಧ ಗಂಟೆಯಲ್ಲಿ ಅಭ್ಯಾಸ ಆಗುತ್ತದೆ. ಸೋಕಲೊದ ಮೂಲೆಯೊಂದು ಊರಿನ ನಡುಬಿಂದು. ಪೂರ್ವ ಪಶ್ಚಿಮ ಹೋಗುವ ಬೀದಿಗಳು ಓರಿಯೆಂತೆ, ಪೊನಿಯೆಂತೆ. ಉತ್ತರದ ಕಡೆ ಸಮ ಸಂಖ್ಯೆ, ದಕ್ಷಿಣಕ್ಕೆ ಬೆಸ. ಗ್ರಂಥಾಲಯ 5 ಓರಿಯೆಂತೆಯಲ್ಲಿ, ಅಂದರೆ ಚೌಕದ ದಕ್ಷಿಣಕ್ಕೆ. ಸಿಹಿ ಬೀದಿ 6 ಓರಿಯೆಂತೆ, ಉತ್ತರಕ್ಕೆ.

ಪ್ರಶ್ನೆ: ನಾವು ಮೊಟ್ಟೆ ಕೂಡ ತಿನ್ನೋದಿಲ್ಲ. ಅಲ್ಲಿ ಊಟ ಏನು?
– ಓದುಗಿ, ಶಿರಸಿ

ಉತ್ತರ: ಊರಿನ ಹೆಸರಾಂತ ಮೋಲೆ ಸಾರು ಒಣಮೆಣಸು, ಬೀಜಗಳು, ಚಾಕೊಲೇಟ್ ಹಾಕಿ ಅರೆದದ್ದು, ಆದರೆ ಕೋಳಿ ಕಟ್ಟು ಬೆರೆಸುವುದೇ ರೂಢಿ. ಹಾಗಾಗಿ ನಿಮಗೆ ಆಗುವುದಿಲ್ಲ. ಸಿನ್ ಕಾರ್ನೆ ಅಂದರೆ ಮಾಂಸ ಬೇಡ ಅಂತ, ಆದರೆ ಕೋಳಿಯನ್ನು ಕೆಲವರು ಮಾಂಸ ಅಂತ ಲೆಕ್ಕ ಹಿಡಿಯುವುದಿಲ್ಲ. ಸಿನ್ ಪೋಯೊ, ಸಿನ್ ಉಯೆವೊ ಅಂತ ಕೋಳಿ, ಮೊಟ್ಟೆ ಎರಡನ್ನೂ ಬಿಡಿಸಿ ಹೇಳಿ. ಬೇಳೆಕಾಳಿಗೆ ಹಂದಿ ಕೊಬ್ಬು ಹಾಕುವುದುಂಟು, ಸಿನ್ ಮಾಂತೇಕಾ ಅನ್ನುವುದನ್ನೂ ಕಲಿತುಕೊಳ್ಳಿ. ಮೆಕ್ಕೆಜೋಳದ ತೊರ್ತಿಯಾ, ಬೆಣ್ಣೆಹಣ್ಣು, ಸುಟ್ಟ ಜೋಳ, ಹಣ್ಣು ಧಾರಾಳ ಸಿಗುತ್ತವೆ. ಸಪೋಟ ಅನ್ನುವ ಹೆಸರೇ ಅಲ್ಲಿನ ನಾವಾತ್ಲ್ ಭಾಷೆಯ ತ್ಸಪೋತ್ಲ್‌ನಿಂದ ಬಂದದ್ದು.

ಸಿಹಿ ಬೀದಿಯಲ್ಲಿ ಕಾಮೋತೆ ಕೊಳ್ಳಿ. ಗೆಣಸು ಬೇಯಿಸಿ, ಅರೆದು, ಸಕ್ಕರೆ ಸೇರಿಸಿ, ಬೆರಳಿನ ಹಾಗೆ ಉರುಟಾಗಿ ಮಾಡಿ ಕಾಗದದಲ್ಲಿ ಸುತ್ತಿರುತ್ತಾರೆ. ಗೆಣಸಿನ ಹೋಳಿಗೆಯ ಹೂರಣ ಬರಿದೇ ತಿಂದ ಹಾಗಿರುತ್ತದೆ. ಮನೆಗೆ ತರುವುದಾದರೆ ನಿಂಬೆ, ಕಿತ್ತಳೆ ಪರಿಮಳದ್ದು ಆರಿಸಿ.