ಹಳೇ ಪಾಪ್-ಅಪ್ ಕ್ಯಾಂಪರಿನ ಚಾವಣಿ ಮೇಲೆ ನಿಲ್ಲದಿದ್ದರೆ

ನೀವು ಕೇಳಿದ್ದು ಎರಡು ಪ್ರಶ್ನೆ. ಮಿಷಿಗನ್‌ಗೆ ಬಂದು ಒಂದು ಚಳಿಗಾಲ ಕಳೆದಿದೆ, ಯಾರದೋ ಮನೆ ಮುಂದೆ ಮಾರಾಟಕ್ಕೆ ನಿಂತಿದ್ದ 1990ರ ದಶಕದ ಪಾಪ್-ಅಪ್ ಕ್ಯಾಂಪರ್ ಅಗ್ಗಕ್ಕೆ ಸಿಕ್ಕಿತು ಅಂತ ತಂದಿದ್ದೀರಿ. ಕಾರಿನ ಹಿಂದೆ ಎಳೆದೊಯ್ದು, ಚಾವಣಿ ಎತ್ತಿದರೆ ಕ್ಯಾನ್ವಾಸ್ ಗೋಡೆಯ ಮಲಗುವ ಕೋಣೆಯಾಗುವ ಗಾಡಿ ಅದು. ಹ್ಯಾಂಡಲ್ ತಿರುಗಿಸಿದರೆ ಚಾವಣಿ ಏರುತ್ತದೆ, ಆದರೆ ನಿಲ್ಲುವುದಿಲ್ಲ, ಮತ್ತೆ ಇಳಿಯುತ್ತದೆ. ರಿಪೇರಿಯವರು ಹೇಳಿದ ಮೊತ್ತ ನೀವು ಕ್ಯಾಂಪರಿಗೆ ಕೊಟ್ಟ ದುಡ್ಡಿನ ಹತ್ತಿರಕ್ಕೇ ಬರುತ್ತದೆ. ಇದನ್ನು ನಾನೇ ಸರಿಮಾಡಬಹುದಾ ಅನ್ನುವುದು ಒಂದು. ಈ ದೇಶದಲ್ಲಿ ಎಲ್ಲದಕ್ಕೂ ಹೀಗೇನಾ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಹೌದು, ಹೆಚ್ಚುಕಮ್ಮಿ ಹೀಗೇ. ಇಲ್ಲಿ ಸಾಮಾನು ಅಗ್ಗ, ಕೂಲಿ ದುಬಾರಿ. ಬೆಂಗಳೂರಿನಲ್ಲಿ ಮೂಲೆ ಗ್ಯಾರೇಜಿನ ಹುಡುಗನನ್ನು ಕರೆದು, ಪಕ್ಕದಲ್ಲಿ ಕಾಫಿ ಹಿಡಿದು ನಿಂತು ಮಾಡಿಸುತ್ತಿದ್ದ ಕೆಲಸಕ್ಕೆ ಇಲ್ಲಿ ಗಂಟೆಗೆ ನೂರು ಡಾಲರಿನ ಮೇಲೆ ಲೆಕ್ಕ ಹಾಕುತ್ತಾರೆ. ಆದರೆ ಇಪ್ಪತ್ತು ಮೂವತ್ತು ವರ್ಷ ಹಳೆಯ ಕ್ಯಾಂಪರಿಗೂ ಬಿಡಿಭಾಗ ಸಿಗುತ್ತದೆ, ಅದನ್ನು ಹಾಕುವುದು ಹೇಗೆ ಅಂತ ಹೇಳುವವರೂ ಸಿಗುತ್ತಾರೆ. ಬೇಕಾದ ಟೂಲನ್ನು ಆಟೋಝೋನ್ ಥರದ ಅಂಗಡಿಗಳು ಡಿಪಾಸಿಟ್ ಇಟ್ಟುಕೊಂಡು ಕೊಡುತ್ತವೆ, ವಾಪಸ್ ಕೊಟ್ಟರೆ ದುಡ್ಡೂ ವಾಪಸ್. ನಮ್ಮ ಕನ್ನಡ ಕೂಟದಲ್ಲಿ ಮನೆ ರೇಟು, ಮಕ್ಕಳ ಸ್ಕೂಲು, ಬಡ್ಡಿ ದರದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಜಾಸ್ತಿ, ಸ್ಪ್ಯಾನರ್ ಹಿಡಿಯುವವರು ಕಡಿಮೆ. ಪಕ್ಕದ ಮನೆಯ ನಿವೃತ್ತ ಅಜ್ಜನನ್ನು ಕೇಳಿ ನೋಡಿ. ಡೆಟ್ರಾಯಿಟ್ ಸುತ್ತಮುತ್ತ ಅಂಥವರಲ್ಲಿ ಬಹಳ ಜನ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡಿದವರು.

ಈಗ ಚಾವಣಿ ವಿಷಯ. ಯಾವುದನ್ನೂ ಬಿಚ್ಚುವ ಮೊದಲು ಅದಕ್ಕೆ ಊರೆ ಕೊಡಿ. ವಿಂಚ್, ಅಂದರೆ ಹ್ಯಾಂಡಲ್ ತಿರುಗಿಸಿದಾಗ ಕೇಬಲ್ ಸುತ್ತಿಕೊಂಡು ಚಾವಣಿ ಎತ್ತುವ ಯಂತ್ರ, ಹಿಡಿದುಕೊಂಡಿದೆ ಅಂತ ನಂಬಿ ಆ ಚಾವಣಿ ಕೆಳಗೆ ತಲೆ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮೇಲೆ ಏಸಿ ಇದ್ದರೆ ಭಾರ ಇನ್ನೂ ಜಾಸ್ತಿ. ಹೋಮ್ ಡಿಪೋದಲ್ಲಿ ಟೂ ಬೈ ಫೋರ್ ಅಂತ ಮರದ ತುಂಡು ಸಿಗುತ್ತದೆ. ಹೆಸರು ಹಾಗೇ, ಅಳೆದು ನೋಡಿದರೆ ಒಂದೂವರೆಗೆ ಮೂರೂವರೆ ಇಂಚು, ಯಾರೂ ನಿಮಗೆ ಮೋಸ ಮಾಡಿಲ್ಲ. ಚಾವಣಿ ಪೂರ್ತಿ ಎದ್ದಾಗ ಎಷ್ಟು ಎತ್ತರವೋ ಅಷ್ಟಕ್ಕೆ ನಾಲ್ಕು ತುಂಡು ಕೊಯ್ಯಿಸಿ, ನಾಲ್ಕು ಮೂಲೆಗೂ ನಿಲ್ಲಿಸಿ. ಅಂಗಡಿಯವರೇ ಕೊಯ್ದು ಕೊಡುತ್ತಾರೆ. ವಿಂಚಿನಿಂದ ಏರಿಸುವಾಗ ಇಬ್ಬರು ಇರಬೇಕು, ಒಬ್ಬರು ಹ್ಯಾಂಡಲ್ ಬಿಡದೆ ಹಿಡಿದಿರಬೇಕು, ಇನ್ನೊಬ್ಬರು ಮರ ಇಡಬೇಕು. ಹಿಡಿತ ತಪ್ಪಿದ ಹ್ಯಾಂಡಲ್ ಗಿರಗಿರ ತಿರುಗಿ ಮಣಿಕಟ್ಟು ಮುರಿಯುತ್ತದೆ. ಇಲ್ಲಿ ಎಮರ್ಜೆನ್ಸಿ ರೂಮಿಗೆ ಹೋದರೆ, ಇನ್ಶೂರೆನ್ಸ್ ಇದ್ದರೂ ಡಿಡಕ್ಟಿಬಲ್ ಮುಗಿಯುವ ತನಕ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಆ ಬಿಲ್ಲಿಗೆ ಹೋಲಿಸಿದರೆ ರಿಪೇರಿಯವರು ಹೇಳಿದ್ದು ಏನೂ ಅಲ್ಲ ಅನ್ನಿಸಬಹುದು.

ಆಮೇಲೆ ಕೆಟ್ಟಿರುವುದು ಯಾವುದು ಅಂತ ಗೊತ್ತುಮಾಡಿಕೊಳ್ಳಿ. ಚಾವಣಿ ಇಳಿಯುವಾಗ ಹ್ಯಾಂಡಲ್ ತಾನೇ ಹಿಂದಕ್ಕೆ ತಿರುಗುತ್ತಿದೆಯಾ? ಹಾಗಿದ್ದರೆ ವಿಂಚಿನ ಲಾಕ್ ಹಿಡಿಯುತ್ತಿಲ್ಲ. ಹ್ಯಾಂಡಲ್ ಅಲ್ಲಾಡದೆ ಒಂದು ಮೂಲೆ ಮಾತ್ರ ತಗ್ಗುತ್ತಿದ್ದರೆ ಅದು ಕೇಬಲ್ ಅಥವಾ ಚಾವಣಿ ಹೊರುವ ಕಂಬದೊಳಗಿನ ಸ್ಪ್ರಿಂಗಿನ ಕೆಲಸ. ಅದು ಬೇರೆ ಕಥೆ, ಅದಕ್ಕೆ ದುಡ್ಡು ಕೊಟ್ಟು ಮಾಡಿಸುವುದೇ ಸರಿ. ಇನ್ನು ಹೊರಗೆ ನಾಲ್ಕು ಮೂಲೆಯಲ್ಲಿ ಕಾಣುವ ಚಿಲಕಗಳು ರಸ್ತೆಯಲ್ಲಿ ಹೋಗುವಾಗ ಚಾವಣಿ ಏಳದಂತೆ ಹಿಡಿಯುವುದಕ್ಕೆ, ನಿಮ್ಮ ತೊಂದರೆಗೂ ಅವಕ್ಕೂ ಸಂಬಂಧ ಇಲ್ಲ. ಆದರೆ ಅವನ್ನು ಬಿಚ್ಚದೆ ಹ್ಯಾಂಡಲ್ ತಿರುಗಿಸಿದರೆ ಕೇಬಲ್ಲೇ ಹರಿಯಬಹುದು, ಅದು ಗೊತ್ತಿರಲಿ.

ನೀವು ಬರೆದಿದ್ದು ನೋಡಿದರೆ ವಿಂಚೇ ಅನ್ನಿಸುತ್ತದೆ. ವಿಂಚಿನಲ್ಲಿ ಎರಡು ಬಗೆ. ಹಳೆಯದು ರ್‍ಯಾಚೆಟ್. ಸೈಕಲ್ ಫ್ರೀವೀಲಿನೊಳಗೆ ಟಕಟಕ ಅನ್ನುವ ಪುಟ್ಟ ನಾಲಿಗೆ ಇರುತ್ತದಲ್ಲ, ಅದೇ ಥರದ್ದು ಇಲ್ಲಿ ಹಲ್ಲಿನ ಚಕ್ರಕ್ಕೆ ಕಚ್ಚಿಕೊಂಡು ಭಾರ ಹಿಡಿಯುತ್ತದೆ. ವರ್ಷಗಟ್ಟಲೆ ಮಿಷಿಗನ್ ಚಳಿ ತಿಂದ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿ, ಆ ನಾಲಿಗೆ ಅರ್ಧಕ್ಕೇ ನಿಂತುಬಿಡುತ್ತದೆ. ಇಲ್ಲವೇ ಅದನ್ನು ಒತ್ತುವ ಸ್ಪ್ರಿಂಗ್ ಸೋತಿರುತ್ತದೆ, ಕಳಚಿ ಬಿದ್ದಿರುತ್ತದೆ. ಜಿಡ್ಡು ಕರಗಿಸುವ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ನಾಲಿಗೆ ಸಲೀಸಾಗಿ ಬೀಳುತ್ತದಾ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಹಲ್ಲಿನ ಅಂಚು ಸವೆದು ಗುಂಡಗಾಗಿದ್ದರೆ ಅರ ಹಾಕಿ ಚೂಪು ಮಾಡಲು ಹೋಗಬೇಡಿ, ವಿಂಚ್ ಬದಲಾಯಿಸಿ.

ಎರಡನೆಯದು ಬ್ರೇಕ್ ವಿಂಚ್. ಏರಿಸುವಾಗ ಟಕಟಕ ಸದ್ದು, ಇಳಿಸುವಾಗ ಸದ್ದಿಲ್ಲ, ಹ್ಯಾಂಡಲ್ ಬಿಟ್ಟರೂ ಅಲ್ಲೇ ನಿಲ್ಲಬೇಕು. ಒಳಗೆ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು ಭಾರ ಹಿಡಿಯುತ್ತವೆ. ಅವು ಒಣಗಿರಬೇಕು. ಹಿಂದಿನ ಮಾಲೀಕರು ಕಾಳಜಿಯಿಂದ ಎಲ್ಲಕ್ಕೂ ಎಣ್ಣೆ ಬಿಟ್ಟು, ಬಿಲ್ಲೆಗೂ ಎಣ್ಣೆ ಇಳಿದು, ಅಲ್ಲಿಂದ ಜಾರುವುದು ಶುರುವಾಗುತ್ತದೆ. ಗ್ರೀಸ್ ಹಾಕುವುದಾದರೆ ಗೇರ್ ಹಲ್ಲಿಗೆ ಮಾತ್ರ. ಏರಿಸಿ ನಿಲ್ಲಿಸುವಾಗ ಕೊನೆಗೆ ಮೇಲ್ಮುಖವಾಗಿಯೇ ಎರಡು ಟಕ್ ಕೇಳಿಸಿ ಬಿಡಬೇಕು, ಆಗ ಬ್ರೇಕ್ ಕಚ್ಚುತ್ತದೆ. ಬಿಲ್ಲೆ ಸವೆದಿದ್ದರೆ ಇದನ್ನೂ ಬದಲಾಯಿಸುವುದೇ.

ಹೊಸದು ಕೊಳ್ಳುವಾಗ ಒಂದು ಎಚ್ಚರ. ದೋಣಿ ಟ್ರೈಲರಿನ ವಿಂಚ್ ನೋಡಲು ಹೀಗೇ ಇರುತ್ತದೆ, ಅಗ್ಗವೂ ಹೌದು. ಅದು ಎಳೆಯುವುದಕ್ಕೆ, ಎತ್ತಿ ಹಿಡಿಯುವುದಕ್ಕಲ್ಲ. ನಿಮಗೆ ಬೇಕಾದ್ದು ಬ್ರೇಕ್ ಇರುವ ವಿಂಚ್, ಹಳೆಯದರ ಮೇಲೆ ಬರೆದಿರುವ ತೂಕಕ್ಕೆ ಕಡಿಮೆ ಇಲ್ಲದ್ದು. ನಿಮ್ಮದು ರ್‍ಯಾಚೆಟ್ ಆಗಿದ್ದರೂ ನಾನು ಬ್ರೇಕ್ ವಿಂಚನ್ನೇ ಹಾಕಿಸುತ್ತಿದ್ದೆ.

ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ, ಮುಖ್ಯವಾಗಿ ಕೇಬಲ್ ಉರುಳೆಯ ಮೇಲಿಂದ ಸುತ್ತಿದೆಯಾ ಕೆಳಗಿನಿಂದ ಸುತ್ತಿದೆಯಾ ಅನ್ನುವುದು. ಉಲ್ಟಾ ಸುತ್ತಿದರೆ ಬ್ರೇಕೂ ಉಲ್ಟಾ, ಭಾರ ಹಿಡಿಯುವುದಿಲ್ಲ. ಭಾರವೆಲ್ಲ ಮರದ ಮೇಲೆ ಕೂತು ಕೇಬಲ್ ಸಡಿಲವಾದ ಮೇಲೆಯೇ ಬೋಲ್ಟಿಗೆ ಕೈ ಹಾಕಿ. ನಟ್ಟು ಬೋಲ್ಟು ಇಂಚಿನ ಲೆಕ್ಕದವು, ಅರ್ಧ ಇಂಚು, 9/16 ಹೀಗೆ. ಊರಿಂದ ತಂದ ಮಿಲಿಮೀಟರ್ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ಕೆಡಿಸಬೇಡಿ. ಕೇಬಲ್ಲಿನ ಒಂದು ಎಳೆ ಹರಿದಿದ್ದರೂ ಈಗಲೇ ಅದನ್ನೂ ಬದಲಾಯಿಸಿಬಿಡಿ. ಎಲ್ಲ ಕೂಡಿಸಿದ ಮೇಲೆ ಮರ ಪೂರ್ತಿ ತೆಗೆಯದೆ, ಒಂದಿಷ್ಟು ಏರಿಸಿ ಇಳಿಸಿ ನೋಡಿ.

ಬಿಡಿಭಾಗ ಹುಡುಕುವ ಮೊದಲು ಕ್ಯಾಂಪರ್ ಯಾವ ಕಂಪನಿಯದು ನೋಡಿ. ನಮ್ಮ ಪಕ್ಕದ ರಾಜ್ಯ ಇಂಡಿಯಾನಾದ ಎಲ್ಕ್‌ಹಾರ್ಟ್ ಕೌಂಟಿ ಇದಕ್ಕೆಲ್ಲ ತವರು. ಜೇಕೋ ಕಂಪನಿಯನ್ನು ಲಾಯ್ಡ್ ಬಾಂಟ್ರೇಗರ್ 1968ರಲ್ಲಿ ಅಲ್ಲಿನ ಮಿಡಲ್‌ಬರಿಯಲ್ಲಿ ಶುರುಮಾಡಿದ್ದೇ ಚಾವಣಿ ಎತ್ತುವ ತನ್ನದೇ ವ್ಯವಸ್ಥೆ ಇಟ್ಟುಕೊಂಡು. ಅದೇ ಕೌಂಟಿಯ ಗೋಶನ್ ಊರಿನ ಹೆಸರಿನ ಲಿಫ್ಟ್, ಅಂದರೆ ಚಾವಣಿ ಎತ್ತುವ ವ್ಯವಸ್ಥೆ, ಬೇರೆ ಬೇರೆ ಕಂಪನಿಗಳ ಕ್ಯಾಂಪರಿನಲ್ಲಿ ಇರುತ್ತದೆ, ಹಾಗಾಗಿ ಕ್ಯಾಂಪರ್ ಮಾಡಿದವರು ಅಂಗಡಿ ಮುಚ್ಚಿದ್ದರೂ ಲಿಫ್ಟಿನ ಭಾಗ ಸಿಗುತ್ತದೆ. ಕೋಲ್ಮನ್ ಕ್ಯಾಂಪರ್‌ಗಳು ಪೆನ್ಸಿಲ್ವೇನಿಯಾದ ಸಾಮರ್ಸೆಟ್‌ನಲ್ಲಿ ತಯಾರಾಗುತ್ತಿದ್ದವು, ಅವುಗಳ ಲಿಫ್ಟೇ ಬೇರೆ. ಒಂದರದ್ದು ಇನ್ನೊಂದಕ್ಕೆ ಹೊಂದುತ್ತದೆ ಅಂತ ಸುಮ್ನೆ ಆರ್ಡರ್ ಮಾಡಬೇಡಿ.

ಸರಿಯಾದ ಮೇಲೆ ಮೊದಲ ರಾತ್ರಿಗೇ ದೂರದ ಲೇಕ್ ಮಿಷಿಗನ್ ದಂಡೆಯ ಸ್ಲೀಪಿಂಗ್ ಬೇರ್ ಡ್ಯೂನ್ಸ್ ತನಕ ಓಡಬೇಡಿ. ಪ್ರೌಡ್ ಲೇಕ್ ಅನ್ನುವ ಸ್ಟೇಟ್ ಪಾರ್ಕ್ ಹತ್ತಿರದಲ್ಲೇ ಇದೆ, ಏನಾದರೂ ಕೈಕೊಟ್ಟರೆ ರಾತ್ರಿಯೇ ಮನೆಗೆ ಬಂದು ಮಲಗಬಹುದು. ಸ್ಟೇಟ್ ಪಾರ್ಕಿನ ಜಾಗ ಆರು ತಿಂಗಳು ಮುಂಚೆಯೇ ಬುಕ್ಕಿಂಗಿಗೆ ತೆರೆಯುತ್ತದೆ, ಬೇಸಿಗೆ ಶನಿವಾರಗಳು ಬೇಗ ಹೋಗಿಬಿಡುತ್ತವೆ. ವಾರದ ಮಧ್ಯೆ ರಜೆ ಹಾಕಲು ಆದರೆ ಅದೇ ಒಳ್ಳೆಯದು. ಕಾರಿಗೆ ರಿಕ್ರಿಯೇಷನ್ ಪಾಸ್‌ಪೋರ್ಟ್ ಅನ್ನುವ ಪಾರ್ಕ್ ಪ್ರವೇಶದ ಪಾಸ್ ಬೇಕು, ನಂಬರ್ ಪ್ಲೇಟ್ ನವೀಕರಿಸುವಾಗಲೇ ತೆಗೆದುಕೊಂಡರೆ ಸಲೀಸು. ಮಳೆಗೆ ನೆನೆದ ಕ್ಯಾನ್ವಾಸನ್ನು ಹಾಗೇ ಮಡಚಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ, ಮನೆಗೆ ಬಂದ ಮೇಲೆ ಬಿಚ್ಚಿ ಒಣಗಿಸಲೇಬೇಕು.

ವಿಂಚಿನ ಪಕ್ಕದಲ್ಲಿ ಸ್ಟಿಕ್ಕರ್ ಇದ್ದರೆ ಅದರದ್ದೊಂದು ಫೋಟೋ, ಹಲ್ಲಿನ ಚಕ್ರದ್ದೊಂದು ಫೋಟೋ ಕಳಿಸಿ. ಯಾವ ಬಗೆ ಅಂತ ನೋಡಿ ಹೇಳುತ್ತೇನೆ. ಇಂಚಿನ ಸಾಕೆಟ್ ಸೆಟ್ ನನ್ನ ಹತ್ತಿರ ಇದೆ, ಕೊಳ್ಳಲು ಹೋಗಬೇಡಿ, ಶನಿವಾರ ಬಂದು ತೆಗೆದುಕೊಂಡು ಹೋಗಿ.