ಗಂಡಸರ ಕಾಲಿಗೆ ಹೀಲ್ಸ್: ವಿದೇಶಿ ಸೈಜು ಎಷ್ಟು?

ಬಳ್ಳಾರಿಯ ಅಂಗಡಿಗಳಲ್ಲಿ ನಿಮ್ಮ ಅಳತೆಯ ಹೀಲ್ಸ್ ಸಿಗುತ್ತಿಲ್ಲ, ಬೂಟಿನ ನಂಬರು 8, ಅಮೆರಿಕದಿಂದ ತರಿಸಿದರೆ ಯಾವ ಸೈಜು ಎಂದು ಕೇಳಿದ್ದೀರಿ.

ಹೆಂಗಸರ ಸೈಜಿನಲ್ಲಿ 10.5 ಕೇಳಿ, ಯುರೋಪಿನದಾದರೆ 42ರ ಆಸುಪಾಸು. ನಮ್ಮ ಗಂಡಸರ ಬೂಟಿನ ನಂಬರು ಬಹುತೇಕ ಬ್ರಿಟನ್ನಿನ ಲೆಕ್ಕ. ಅದಕ್ಕೆ 1 ಕೂಡಿಸಿದರೆ ಅಮೆರಿಕದ ಗಂಡಸರ ನಂಬರು, ಮೇಲೆ 1.5 ಕೂಡಿಸಿದರೆ ಹೆಂಗಸರದು. ಕಂಪನಿಯಿಂದ ಕಂಪನಿಗೆ ಅರ್ಧ ನಂಬರು ಆಚೀಚೆ ಆಗುವುದರಿಂದ ಸೆಂಟಿಮೀಟರನ್ನೇ ನಂಬಿ. ನಮ್ಮ ಬಿಸಿಲಿಗೆ ಸಂಜೆ ಹೊತ್ತಿಗೆ ಕಾಲು ತುಸು ಊದಿರುತ್ತದೆ. ಆಗ ಹಿಮ್ಮಡಿ ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು ಉದ್ದನೆಯ ಬೆರಳಿನ ತುದಿಗೆ ಗುರುತು ಹಾಕಿ. ಎರಡು ಕಾಲಿನಲ್ಲಿ ದೊಡ್ಡದು ಲೆಕ್ಕಕ್ಕೆ. 27 ಸೆಂ.ಮೀ. ಬಂದರೆ ಮೇಲಿನ ನಂಬರು ಸರಿ.

ಬಹಳ ಜನ ಎಡವುವುದು ಅಗಲದಲ್ಲಿ. ಅಮೆರಿಕದಲ್ಲಿ ಹೆಂಗಸರ ಮಾಮೂಲಿ ಅಗಲ ‘ಬಿ’, ಗಂಡಸರದು ‘ಡಿ’. ಹೆಂಗಸರ ಜೋಡಿಯಲ್ಲಿ ‘ಡಿ’ ಎಂದರೆ ವೈಡ್, ಅದನ್ನೇ ಆರಿಸಿ. ಬಿಗಿ ಆಗುತ್ತದೆಂದು ಬರೀ ಉದ್ದ ಹೆಚ್ಚಿಸಿದರೆ ಪಾದ ಮುಂದಕ್ಕೆ ಜಾರುತ್ತದೆ, ಬೆರಳು ನಜ್ಜಾಗುತ್ತವೆ, ಹಿಂದೆ ಹಿಮ್ಮಡಿ ಕಳಚುತ್ತದೆ. ಮೊದಲ ಜೋಡಿ 5 ಸೆಂ.ಮೀ. ಎತ್ತರ ಮೀರದ ಬ್ಲಾಕ್ ಹೀಲ್ (ದಪ್ಪ, ಅಗಲ ಬುಡದ ಹೀಲ್) ಇರಲಿ, ಕಣಕಾಲಿಗೆ ಬಕಲ್ ಪಟ್ಟಿ ಬೇಕೇ ಬೇಕು. ಚೂಪು ಮೂತಿಯದು ಸದ್ಯಕ್ಕೆ ಬೇಡ. ಹಣ ಕಟ್ಟುವ ಮೊದಲು ವಾಪಸಾತಿಯ ಸಾಗಣೆ ಖರ್ಚು ಯಾರದೆಂದು ಓದಿಕೊಳ್ಳಿ.